ಹಿತ್ತಲ ಗಿಡ

2024ರ ಜುಲೈ 9, ಮ್ಯೂನಿಕ್. ಯೂರೋ ಕಪ್ ಸೆಮಿಫೈನಲ್, ಸ್ಪೇನ್ ಮತ್ತು ಫ್ರಾನ್ಸ್. ಆ ಪಂದ್ಯ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಲಮೀನ್ ಯಮಾಲ್ ಹೊಡೆದ ಗೋಲು. ಪೆನಾಲ್ಟಿ ಬಾಕ್ಸಿನ ಹೊರಗಿಂದ, ಎಡಗಾಲಲ್ಲಿ, ಬಾಗಿ ಹೋಗಿ ಕಂಬಕ್ಕೆ ತಾಗಿ ಒಳಗೆ ಬಿದ್ದ ಚೆಂಡು. ಹುಡುಗನಿಗೆ 17 ತುಂಬಲು ಇನ್ನೂ ನಾಲ್ಕು ದಿನ ಬಾಕಿ. ಆ ಗೋಲಿನ ರೀಲು ನನ್ನ ಫೋನಿಗೆ ಎಷ್ಟು ಗ್ರೂಪುಗಳಿಂದ ಬಂತೋ ಲೆಕ್ಕ ಇಟ್ಟಿಲ್ಲ.

ಅದೇ ಬಲಬದಿಯಲ್ಲಿ, ಯಮಾಲ್‌ನ ಬೆನ್ನ ಹಿಂದೆ ಇನ್ನೊಬ್ಬ ಆಡುತ್ತಿದ್ದ. ಹೆಸೂಸ್ ನವಾಸ್, 38 ವರ್ಷ. ಖಾಯಂ ರೈಟ್ ಬ್ಯಾಕ್ ಕಾರ್ವಹಾಲ್ ರೆಡ್ ಕಾರ್ಡ್ ತಗೊಂಡು ಕೂತಿದ್ದರಿಂದ ಸಿಕ್ಕ ಜಾಗ. ಎದುರಿಗೆ ಬಂದದ್ದು ಎಂಬಾಪೆ. ಒಂಬತ್ತನೇ ನಿಮಿಷಕ್ಕೇ ಎಂಬಾಪೆ ನವಾಸ್‌ನ ಬದಿಯಿಂದಲೇ ಚೆಂಡನ್ನು ಎತ್ತಿ ಹಾಕಿದ, ಕೋಲೋ ಮುವಾನಿ ತಲೆಕೊಟ್ಟ, ಫ್ರಾನ್ಸ್ ಮುಂದೆ. ಕಾಮೆಂಟರಿಯವರು ಹೇಳಬೇಕಾದ್ದನ್ನು ಹೇಳಿದರು: ವಯಸ್ಸಾಯಿತು. ಆಮೇಲೆ ಯಮಾಲ್‌ನ ಗೋಲು ಬಂತು. ಅದಾಗಿ ನಾಲ್ಕೇ ನಿಮಿಷಕ್ಕೆ ನವಾಸ್ ಬಲಗಡೆಯಿಂದ ಒಂದು ಕ್ರಾಸ್ ಹಾಕಿದ, ಫ್ರೆಂಚರು ಅರೆಬರೆ ಹೊರಗೆ ತಳ್ಳಿದರು, ಅದು ಓಲ್ಮೋ ಕಾಲಿಗೆ ಬಿತ್ತು, 2-1. ಎರಡನೇ ಅರ್ಧ ಶುರುವಾಗಿ ಹದಿಮೂರು ನಿಮಿಷಕ್ಕೆ ನವಾಸ್ ಗಾಯಗೊಂಡು ಹೊರಗೆ ಬಂದ. ಸ್ಪೇನ್ ಪರ ಅದೇ ಅವನ ಕೊನೆಯ ಆಟ.

ಯಮಾಲ್ ಹುಟ್ಟಿದ್ದು 2007ರ ಜುಲೈನಲ್ಲಿ. ಅಷ್ಟೊತ್ತಿಗಾಗಲೇ ನವಾಸ್ ಇದ್ದ ಸೆವಿಯ್ಯಾ ಎರಡು ಯುಯೆಫಾ ಕಪ್ ಗೆದ್ದಾಗಿತ್ತು, ಎರಡನೆಯದು ಆ ಹುಡುಗ ಹುಟ್ಟುವ ಎರಡು ತಿಂಗಳ ಮುಂಚೆ. 2010ರ ವಿಶ್ವಕಪ್ ಗೆದ್ದ ಸ್ಪೇನ್ ತಂಡದಲ್ಲೂ 2024ರ ಯೂರೋ ಗೆದ್ದ ತಂಡದಲ್ಲೂ ಇದ್ದವನು ಇವನೊಬ್ಬನೇ. ಆದರೂ ಆಫೀಸಿನ ಕ್ಯಾಂಟೀನಿನಲ್ಲಿ ಫುಟ್‌ಬಾಲ್ ಮಾತಾಡುವವರ ಬಾಯಲ್ಲಿ ಈ ಹೆಸರು ಬರೋದು ಕಮ್ಮಿ. ಬಂದರೂ ಒಂದು ವಾಕ್ಯದ ಕತೆಯಾಗಿ ಬರುತ್ತೆ: "ಅವನೇ, ಮನೆ ಬಿಟ್ಟಿರೋಕೆ ಆಗ್ತಿರಲಿಲ್ವಲ್ಲ, ಅವನು."

ನನ್ನ ತಕರಾರು ಇರೋದು ಆ ಒಂದು ವಾಕ್ಯದ ಮೇಲೆ.

ಮೊದಲು ಆ ಕತೆ ಏನು ಅಂತ ನೋಡೋಣ. ಸೆವಿಯ್ಯಾ ನಗರದ ದಕ್ಷಿಣಕ್ಕೆ ಲೋಸ್ ಪಲಾಸಿಯೋಸ್ ಅಂತ ಒಂದು ಊರು. ನಲವತ್ತು ಸಾವಿರದೊಳಗಿನ ಜನ. ಸುತ್ತಮುತ್ತ ಬೇಸಾಯ, ಅಲ್ಲಿಯ ಟೊಮೆಟೊ ಇಡೀ ಸ್ಪೇನಿಗೆ ಹೆಸರುವಾಸಿ. ನವಾಸ್ ಆ ಊರಿನವನು. ಬಾರ್ಸಿಲೋನಾದ ಗಾವಿ, ಫಾಬಿಯಾನ್ ರೂಯಿಸ್ ಕೂಡ ಅದೇ ಊರಿನವರು. ನವಾಸ್ 2003ರ ನವೆಂಬರ್‌ನಲ್ಲಿ, 18 ತುಂಬಿದ ವಾರದಲ್ಲೇ, ಸೆವಿಯ್ಯಾ ಪರ ಲಾ ಲಿಗಾದಲ್ಲಿ ಆಡಿದ. ಆಟ ಕಂಡವರಿಗೆಲ್ಲ ಗೊತ್ತಾಯಿತು, ಇಂಥ ಓಟ ಸುಲಭಕ್ಕೆ ಸಿಗೋದಲ್ಲ ಅಂತ. ಆದರೆ ಈ ಹುಡುಗನಿಗೆ ಮನೆಯಿಂದ ದೂರ ಹೆಚ್ಚು ದಿನ ಇರಲು ಆಗುತ್ತಿರಲಿಲ್ಲ. ತರಬೇತಿ ಶಿಬಿರಗಳಲ್ಲಿ ಉಸಿರು ಕಟ್ಟಿದಂತಾಗಿ, ಎದೆ ಹೊಡೆದುಕೊಂಡು, ನಡುವೆಯೇ ಊರಿಗೆ ಮರಳಿದ. ಸ್ಪೇನ್‌ನ ಕಿರಿಯರ ತಂಡಗಳ ಕರೆಗಳು ಹೀಗೇ ಕೈತಪ್ಪಿದವು. 2006ರಲ್ಲಿ ಚೆಲ್ಸಿ ಬಂದು ಕೇಳಿದಾಗಲೂ ಮಾತುಕತೆ ಮುರಿದುಬಿತ್ತು. ಆಮೇಲೆ ಚಿಕಿತ್ಸೆ, ಮನಶ್ಶಾಸ್ತ್ರಜ್ಞರ ನೆರವು. 2009ರ ನವೆಂಬರ್‌ನಲ್ಲಿ ಸ್ಪೇನ್ ಹಿರಿಯರ ತಂಡದಲ್ಲಿ ಮೊದಲ ಪಂದ್ಯ. ಎಂಟು ತಿಂಗಳಿಗೆ ವಿಶ್ವಕಪ್ ಫೈನಲ್.

ಈ ಕತೆಯನ್ನು ನಮ್ಮ ಕಡೆ ಹೇಗೆ ಬಳಸ್ತಾರೆ ಅಂತ ನಿಮಗೂ ಗೊತ್ತು. ಕಂಪನಿಯಲ್ಲಿ ವರ್ಷಕ್ಕೊಮ್ಮೆ ಒಬ್ಬರು ತರಬೇತಿದಾರರು ಬರ್ತಾರೆ, ಪ್ರೊಜೆಕ್ಟರ್ ಹಾಕ್ತಾರೆ, "ಕಂಫರ್ಟ್ ಜೋನ್‌ನಿಂದ ಹೊರಗೆ ಬನ್ನಿ" ಅಂತಾರೆ. ಹಳ್ಳಿಯಿಂದ ಬಂದ ನನ್ನಂಥವರು ಇದನ್ನು ಕಾಲೇಜು ಹಾಸ್ಟೆಲಿನಿಂದ ಕೇಳ್ತಾ ಬಂದಿದ್ದೇವೆ. ಮೊದಲ ವರ್ಷ ಬಿಇಯಲ್ಲಿ ರಾತ್ರಿ ಕಂಬಳಿಯೊಳಗೆ ಅಳುತ್ತಿದ್ದ ಹುಡುಗರಿಗೆ ವಾರ್ಡನ್ನು ಹೇಳಿದ್ದೂ ಅದೇ, ಆನ್‌ಸೈಟ್ ಬೇಡ ಅಂದವನಿಗೆ ಅಪ್ರೈಸಲ್ಲಿನಲ್ಲಿ ಮ್ಯಾನೇಜರು ಹೇಳೋದೂ ಅದೇ. ನವಾಸ್‌ನ ಕತೆ ಈ ಉಪದೇಶಕ್ಕೆ ಅಳತೆ ತೆಗೆದು ಹೊಲಿಸಿದ ಹಾಗಿದೆ. ಊರು ಬಿಡಲಾರದವನು ಊರು ಬಿಟ್ಟ, ಜಗತ್ತು ಗೆದ್ದ. ಚಪ್ಪಾಳೆ.

ಆದರೆ ವರ್ಷಗಳನ್ನು ಸಾಲಾಗಿ ಇಟ್ಟು ನೋಡಿ. ಊರು ಬಿಡದೆ ಇದ್ದ 2003ರಿಂದ 2009ರವರೆಗಿನ ಕಾಲದಲ್ಲೇ ಸೆವಿಯ್ಯಾ ಎರಡು ಯುಯೆಫಾ ಕಪ್ಪು, ಒಂದು ಕೋಪಾ ದೆಲ್ ರೇ ಗೆದ್ದಿತು. ಆ ತಂಡದಲ್ಲಿ ಬಲಬದಿ ಅಂದರೆ ಹಿಂದೆ ದಾನಿ ಅಲ್ವೆಸ್, ಮುಂದೆ ನವಾಸ್. ಅಂದರೆ ನಾವು "ಸಮಸ್ಯೆಯ ವರ್ಷಗಳು" ಅಂತ ಬದಿಗಿಡುವ ಕಾಲದಲ್ಲೇ ಅವನ ಆಟ ಪೂರ್ತಿ ಬೆಳೆದಿತ್ತು. 2009ರಲ್ಲಿ ಅವನು ದೊಡ್ಡ ಆಟಗಾರನಾಗಲಿಲ್ಲ. ಆಗಲೇ ಆಗಿದ್ದವನಿಗೆ ದೂರ ಪ್ರಯಾಣ ಮಾಡಲು ಸಾಧ್ಯವಾಯಿತು, ಅಷ್ಟೇ. ಇನ್ನೊಂದು ವಿಷಯ, ಆರು ವರ್ಷ ಅವನನ್ನು ಯಾರೂ ಎತ್ತಿ ಎಸೆಯಲಿಲ್ಲ. ಕ್ಲಬ್ಬು ಕಾಯ್ತು. ಸ್ಪೇನ್ ಕೋಚ್ ದೆಲ್ ಬೋಸ್ಕ್ ಅವನು ತಯಾರಾದಾಗ ಕರೆದರು. ಎದೆ ಹೊಡೆದುಕೊಳ್ಳೋದು ಹಟದಿಂದ ನಿಲ್ಲುವಂಥದ್ದಲ್ಲ, ಅದು ಕಾಯಿಲೆ. ವೈದ್ಯರೂ, ಮನೆಯವರೂ, ಕಾಯುವ ವ್ಯವಸ್ಥೆಯೂ ಇದ್ದದ್ದರಿಂದ ಅದು ಹತೋಟಿಗೆ ಬಂತು. ಪ್ರೊಜೆಕ್ಟರ್ ಹಾಕುವವರು ಈ ಸ್ಲೈಡನ್ನು ತೋರಿಸೋದಿಲ್ಲ.

ಇದನ್ನು ಹೋಲಿಸಿ ನೋಡಲು ಪಕ್ಕದಲ್ಲೇ ಒಂದು ಉದಾಹರಣೆ ಇದೆ. ಲೋಸ್ ಪಲಾಸಿಯೋಸ್‌ನ ನೆರೆಯ ಊರು ಉತ್ರೇರಾ. ಅಲ್ಲಿಯವನು ಹೋಸೆ ಅಂತೋನಿಯೋ ರೇಯೆಸ್, ಅವನೂ ಸೆವಿಯ್ಯಾದಲ್ಲೇ ಬೆಳೆದ ವಿಂಗರ್, ಕಾಲು ಮಾತ್ರ ಎಡ. ನವಾಸ್ ಮೊದಲ ಪಂದ್ಯ ಆಡಿದ ಎರಡು ತಿಂಗಳಿಗೆ, 2004ರ ಜನವರಿಯಲ್ಲಿ, ರೇಯೆಸ್ ಆರ್ಸೆನಲ್‌ಗೆ ಹೋದ. ಆಗ ಅವನಿಗೆ 20. ಒಂದೂ ಪಂದ್ಯ ಸೋಲದೆ ಲೀಗ್ ಗೆದ್ದ ಆ ಪ್ರಸಿದ್ಧ ತಂಡದಲ್ಲಿ ಅವನೂ ಇದ್ದ. ಆದರೆ ಲಂಡನ್ನಿನ ಚಳಿಯಲ್ಲಿ ಮನಸ್ಸು ನಿಲ್ಲಲಿಲ್ಲ, 2006ರಲ್ಲಿ ಸ್ಪೇನಿಗೆ ಮರಳಿದ. ಮುಂದೆ ಚೆನ್ನಾಗಿಯೇ ಆಡಿದ, ಸೆವಿಯ್ಯಾಕ್ಕೂ ಮರಳಿದ, ಆದರೆ ಆರ್ಸೆನಲ್ ಕಂಡಿದ್ದ ಆ 20ರ ಹುಡುಗ ಪೂರ್ತಿ ಅರಳಿದ ಅಂತ ಹೇಳಲಾರೆ. 2019ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ. ಕಂಫರ್ಟ್ ಜೋನ್ ದಾಟಿದವನು ರೇಯೆಸ್. ದಾಟಲು ನಿರಾಕರಿಸಿದವನು ನವಾಸ್. ಯಾರ ಆಟ ಎಷ್ಟು ವರ್ಷ ಬಾಳಿತು ಅನ್ನೋದು ನಮ್ಮ ಕಣ್ಣ ಮುಂದಿದೆ. ಇದರಿಂದ ಯಾರೂ ಊರು ಬಿಡಬಾರದು ಅನ್ನುವ ನಿಯಮ ಹೊರಡೋದಿಲ್ಲ. ಎಲ್ಲರೂ ಬಿಡಬೇಕು ಅನ್ನುವ ನಿಯಮ ಸುಳ್ಳು ಅಂತ ಮಾತ್ರ ಗೊತ್ತಾಗುತ್ತೆ.

ಈಗ ಆಟಕ್ಕೆ ಬರೋಣ. ಕಾಯಿಲೆಯ ಕತೆ ಎಷ್ಟು ದೊಡ್ಡದಾಗಿಬಿಟ್ಟಿದೆ ಅಂದರೆ ಇವನು ಹೇಗೆ ಆಡ್ತಿದ್ದ ಅಂತ ಕೇಳುವವರೇ ಇಲ್ಲ.

ನವಾಸ್ ಬಲಗಾಲಿನ ಆಟಗಾರ, ಆಡಿದ್ದು ಬಲಬದಿಯಲ್ಲಿ. ಕೇಳೋಕೆ ಸಾಮಾನ್ಯ ಅನ್ನಿಸಬಹುದು. ಆದರೆ ಅವನು ಬೆಳೆದ ಕಾಲದಲ್ಲೇ ಫುಟ್‌ಬಾಲ್ ಇದಕ್ಕೆ ಉಲ್ಟಾ ತಿರುಗುತ್ತಿತ್ತು. ಎಡಗಾಲಿನವನನ್ನು ಬಲಕ್ಕೆ ಹಾಕೋದು, ಅವನು ಒಳಗೆ ನುಗ್ಗಿ ಗೋಲಿಗೆ ಹೊಡೆಯೋದು. ಮೆಸ್ಸಿ, ರಾಬೆನ್, ಈಗ ಯಮಾಲ್ ಎಲ್ಲರೂ ಇದೇ ದಾರಿ. ಅಂಥವರು ಗೋಲು ಹೊಡೀತಾರೆ, ಗೋಲು ಹೊಡೆದವರ ಫೋಟೋ ಪೇಪರಿನಲ್ಲಿ ಬರುತ್ತೆ. ನವಾಸ್ ಹಳೇ ಕಾಲದವನ ಹಾಗೆ ಸುಣ್ಣದ ಗೆರೆಯ ಗುಂಟ ಓಡಿದ. ಹೊರಗಡೆಯಿಂದಲೇ ಡಿಫೆಂಡರನ್ನು ದಾಟಿ, ಕೊನೆ ಗೆರೆ ಮುಟ್ಟುವ ಮುಂಚೆ ಚೆಂಡನ್ನು ನಡುವಿಗೆ ಕಳಿಸಿದ. ಒಂದೇ ಅಸ್ತ್ರ. ಎದುರಾಳಿಗೂ ಗೊತ್ತು ಏನು ಬರುತ್ತೆ ಅಂತ. ಗೊತ್ತಿದ್ದರೂ ತಡೆಯೋದು ಕಷ್ಟ, ಯಾಕಂದ್ರೆ ಮೊದಲ ನಾಲ್ಕು ಹೆಜ್ಜೆಯಲ್ಲೇ ಅವನು ದಾಟಿಬಿಟ್ಟಿರುತ್ತಿದ್ದ.

2010ರ ವಿಶ್ವಕಪ್‌ನಲ್ಲಿ ಈ ಅಸ್ತ್ರದ ಮಿತಿಯೂ ಕಂಡಿತು, ಬೆಲೆಯೂ ಕಂಡಿತು. ಮೊದಲ ಪಂದ್ಯದಲ್ಲಿ ಸ್ವಿಟ್ಜರ್ಲೆಂಡ್ ಒಂದು ಗೋಲು ಹೊಡೆದು ಕೋಟೆ ಕಟ್ಟಿ ನಿಂತಿತ್ತು. ನವಾಸ್ ಒಳಗೆ ಬಂದು ಕ್ರಾಸ್ ಮೇಲೆ ಕ್ರಾಸ್ ಹಾಕಿದ, ಎತ್ತರದ ಸ್ವಿಸ್ ಡಿಫೆಂಡರುಗಳು ತಲೆಯಿಂದ ಹೊರಗೆ ತಳ್ಳಿದರು. ಸ್ಪೇನ್ 0-1ರಲ್ಲಿ ಸೋತಿತು. ಮುಂದಿನ ಪಂದ್ಯದಲ್ಲಿ ಹೊಂಡುರಾಸ್ ವಿರುದ್ಧ ಮೊದಲಿನಿಂದಲೇ ಆಡಿ ಒಂದು ಪೆನಾಲ್ಟಿ ಗಿಟ್ಟಿಸಿದ, ವಿಯ್ಯಾ ಅದನ್ನು ಹೊರಗೆ ಹೊಡೆದ. ಆಮೇಲೆ ನವಾಸ್ ಹೆಚ್ಚುಕಮ್ಮಿ ಬೆಂಚಿಗೇ ಸೀಮಿತ.

ಫೈನಲ್‌ನಲ್ಲಿ ಅರವತ್ತನೇ ನಿಮಿಷಕ್ಕೆ ಪೆದ್ರೋ ಬದಲು ಇವನು ಬಂದ. ಜೋಹಾನ್ಸ್‌ಬರ್ಗ್‌ನ ಆ ರಾತ್ರಿ ಮೈದಾನದಲ್ಲಿ ಎರಡು ಬಗೆಯ ವಿಂಗರುಗಳಿದ್ದರು. ನೆದರ್‌ಲೆಂಡ್ಸ್‌ನ ಬಲಕ್ಕೆ ಎಡಗಾಲಿನ ರಾಬೆನ್, ಸ್ಪೇನಿನ ಬಲಕ್ಕೆ ಬಲಗಾಲಿನ ನವಾಸ್. ನವಾಸ್ ಒಳಗೆ ಬಂದ ಎರಡೇ ನಿಮಿಷಕ್ಕೆ ರಾಬೆನ್ ಒಬ್ಬನೇ ಕಸಿಯಾಸ್ ಎದುರು ನಿಂತಿದ್ದ, ಕಸಿಯಾಸ್‌ನ ಕಾಲು ಅಡ್ಡ ಬಂತು. ಆ ಚೆಂಡು ಒಳಗೆ ಹೋಗಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ. 116ನೇ ನಿಮಿಷದ ಇನಿಯೆಸ್ತಾ ಗೋಲನ್ನು ನಾವೆಲ್ಲ ಕೊನೆಯ ಹೊಡೆತದಿಂದ ನೆನಪಿಟ್ಟುಕೊಂಡಿದ್ದೇವೆ. ಒಮ್ಮೆ ಮೊದಲಿನಿಂದ ನೋಡಿ. ಚೆಂಡು ಸ್ಪೇನಿನ ಅರ್ಧದಲ್ಲಿ ನವಾಸ್ ಕಾಲಲ್ಲಿದೆ. ನೂರಾ ಹದಿನೈದು ನಿಮಿಷ ಓಡಿ ಸುಸ್ತಾದವರ ನಡುವೆ ಇವನು ಬಲಬದಿಯಲ್ಲಿ ಹೊರಡ್ತಾನೆ, ಡಚ್ಚರು ಬೆನ್ನು ಹತ್ತುತ್ತಾರೆ, ಒಬ್ಬರಿಗೂ ಹಿಡಿಯೋಕೆ ಆಗಲ್ಲ. ಕೊನೆಗೆ ಚೆಂಡು ಚಿಮ್ಮಿ ಇನಿಯೆಸ್ತಾಗೆ, ಅಲ್ಲಿಂದ ಹಿಮ್ಮಡಿಯಲ್ಲಿ ಫಾಬ್ರೆಗಾಸ್‌ಗೆ, ಮತ್ತೆ ನವಾಸ್‌ಗೆ, ಅವನಿಂದ ಎಡಕ್ಕೆ ತೋರೆಸ್‌ಗೆ. ತೋರೆಸ್ ಹಾಕಿದ ಕ್ರಾಸನ್ನು ಡಚ್ಚರು ತಡೆದರೂ ಅದು ಫಾಬ್ರೆಗಾಸ್‌ಗೇ ಸಿಕ್ಕಿತು, ಅವನಿಂದ ಇನಿಯೆಸ್ತಾ, ಗೋಲು. ಸಣ್ಣ ಸಣ್ಣ ಪಾಸುಗಳ ತಂಡ ಅಂತ ಹೆಸರಾದ ಸ್ಪೇನ್, ತನ್ನ ಅತಿ ದೊಡ್ಡ ಗೋಲನ್ನು ಪಡೆದದ್ದು ಪಾಸು ಬಿಟ್ಟು ಓಡಿದ ಒಬ್ಬನಿಂದ. ಲೆಕ್ಕದ ಪುಸ್ತಕದಲ್ಲಿ ಆ ಓಟಕ್ಕೆ ಕಾಲಂ ಇಲ್ಲ. ಗೋಲು ಇನಿಯೆಸ್ತಾದು, ಅಸಿಸ್ಟ್ ಫಾಬ್ರೆಗಾಸ್‌ದು.

ಹಾಗಂತ ಇವನ ಆಟದಲ್ಲಿ ಊನ ಇರಲಿಲ್ಲ ಅಂತಲ್ಲ. 2013ರಲ್ಲಿ ನವಾಸ್ ಮ್ಯಾಂಚೆಸ್ಟರ್ ಸಿಟಿಗೆ ಹೋದ, ನಾಲ್ಕು ವರ್ಷ ಇದ್ದ. ಮೊದಲ ವರ್ಷ ಚೆನ್ನಾಗಿತ್ತು. ಟಾಟನಮ್ ವಿರುದ್ಧ ಪಂದ್ಯ ಶುರುವಾಗಿ 14 ಸೆಕೆಂಡಿಗೆ ಗೋಲು, ಲೀಗ್ ಕಪ್ ಫೈನಲ್‌ನಲ್ಲಿ ಗೋಲು, ಪ್ರೀಮಿಯರ್ ಲೀಗ್ ಪದಕ. ಆದರೆ ಆಮೇಲಿನ ಮೂರು ವರ್ಷ ಲೀಗ್‌ನಲ್ಲಿ ಅವನ ಗೋಲು ಸೊನ್ನೆ. ಅಭಿಮಾನಿಗಳು ಗೊಣಗಿದರು, ನನ್ನ ಪ್ರಕಾರ ನ್ಯಾಯವಾಗಿಯೇ ಗೊಣಗಿದರು. ಗೋಲಿನ ಎದುರು ಬಂದಾಗ ಅವನ ಕಾಲು ಹಿಂಜರಿಯುತ್ತಿತ್ತು. ಹೊಡೆಯಬೇಕಾದಲ್ಲಿ ಪಾಸು ಹುಡುಕುತ್ತಿದ್ದ. ಸ್ಪೇನ್ ಪರ 56 ಪಂದ್ಯಗಳಲ್ಲಿ ಐದೇ ಗೋಲು. 2014 ಮತ್ತು 2018ರ ವಿಶ್ವಕಪ್ಪುಗಳಿಗೆ, 2016ರ ಯೂರೋಗೆ ಅವನನ್ನು ಕರೆದುಕೊಂಡು ಹೋಗಲಿಲ್ಲ. ಮುಂದಿನ ಸಾಲಿನ ಆಟಗಾರನನ್ನು ಗೋಲಿನಿಂದ ಅಳೆಯೋದಾದರೆ ಇದು ದೊಡ್ಡ ಕೊರತೆ, ಅದನ್ನು ಊರಿನ ಪ್ರೀತಿಯ ಸೆರಗಲ್ಲಿ ಮುಚ್ಚೋದು ಸರಿಯಲ್ಲ.

ಆದರೆ ಮ್ಯಾಂಚೆಸ್ಟರಿನ ಕೊನೆಯ ವರ್ಷ ಒಂದು ಕುತೂಹಲದ ಸಂಗತಿ ನಡೀತು. ಹೊಸ ಕೋಚ್ ಗ್ವಾರ್ಡಿಯೋಲಾ ಆಗಾಗ ಇವನನ್ನು ರೈಟ್ ಬ್ಯಾಕ್ ಜಾಗದಲ್ಲಿ ನಿಲ್ಲಿಸಿದರು. 2017ರಲ್ಲಿ ಸೆವಿಯ್ಯಾಕ್ಕೆ ಮರಳಿದ ಮೇಲೆ ಅದೇ ಖಾಯಂ ಆಯಿತು. ವಯಸ್ಸಾದ ವಿಂಗರನ್ನು ಹಿಂದಕ್ಕೆ ತಳ್ಳೋದು ಅಂದರೆ ಹಿಂಬಡ್ತಿ ಅಂತಲೇ ನಮ್ಮ ಲೆಕ್ಕ. ಇಲ್ಲಿ ಆದದ್ದು ಬೇರೆ. ವಿಂಗರ್ ಆಗಿದ್ದಾಗ ಚೆಂಡು ಬರುವಾಗಲೇ ಡಿಫೆಂಡರ್ ಮೈಗೆ ಅಂಟಿರುತ್ತಿದ್ದ. ಹಿಂದಿನಿಂದ ಹೊರಟಾಗ ಓಡಲು ಜಾಗ ಸಿಕ್ಕಿತು, ತಲೆ ಎತ್ತಿ ನೋಡಲು ಹೊತ್ತು ಸಿಕ್ಕಿತು, ಗೋಲು ಹೊಡಿ ಅಂತ ಯಾರೂ ಕೇಳೋ ಹಾಗಿರಲಿಲ್ಲ. ಕೋಡ್ ಒಂದು ಸಾಲೂ ಬದಲಾಗಲಿಲ್ಲ, ಅದು ಓಡುವ ಸರ್ವರ್ ಬದಲಾಯಿತು ಅನ್ನಬಹುದು.

ಫಲ ನೋಡಿ. 2020ರ ಯುರೋಪಾ ಲೀಗ್ ಸೆಮಿಫೈನಲ್, ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಗೆಲುವಿನ ಗೋಲು: ನವಾಸ್ ಕ್ರಾಸ್, ಲ್ಯೂಕ್ ಡಿ ಯಾಂಗ್. ಫೈನಲ್‌ನಲ್ಲಿ ಇಂಟರ್ ಮುಂದಿದ್ದಾಗ ಸಮಬಲದ ಗೋಲು: ಮತ್ತೆ ನವಾಸ್ ಕ್ರಾಸ್, ಡಿ ಯಾಂಗ್ ತಲೆ. 2023ರ ಫೈನಲ್, ಬುಡಾಪೆಸ್ಟ್, ರೋಮಾ 1-0 ಮುಂದೆ: ನವಾಸ್ ಹಾಕಿದ ಕ್ರಾಸನ್ನು ರೋಮಾದ ಮಂಚೀನಿ ತನ್ನದೇ ಗೋಲಿಗೆ ತಳ್ಳಿಬಿಟ್ಟ. ಎರಡೂ ಕಪ್ಪು ಸೆವಿಯ್ಯಾಕ್ಕೆ, ಎರಡನ್ನೂ ಎತ್ತಿದ ನಾಯಕ ನವಾಸ್. 2010ರಲ್ಲಿ ಸ್ವಿಸ್ ತಲೆಗಳಿಗೆ ಬಡಿದು ವ್ಯರ್ಥವಾದ ಅದೇ ಕ್ರಾಸು, ಹತ್ತು ಹದಿಮೂರು ವರ್ಷ ಆದ ಮೇಲೆ ಕಪ್ ತಂದಿತು. ಅವನು ಹೊಸದೇನೂ ಕಲಿಯಲಿಲ್ಲ ಅಂತ ಟೀಕಿಸುವವರಿಗೆ ನನ್ನ ಉತ್ತರ ಇದು. ಗೊತ್ತಿದ್ದ ಒಂದನ್ನೇ ಇಪ್ಪತ್ತು ವರ್ಷ ತಿದ್ದಿ ತಿದ್ದಿ ಕೂತ. ಎರಡು ವರ್ಷಕ್ಕೊಮ್ಮೆ ಫ್ರೇಮ್‌ವರ್ಕ್ ಬದಲಿಸುವ ನಮ್ಮಂಥವರಿಗೆ ಇದರ ಕಷ್ಟ ಬೇಗ ಅರ್ಥವಾಗಲ್ಲ.

ಇನ್ನು ಮೂರನೇ ಕತೆ, ನಿಷ್ಠೆಯದು. ಸೆವಿಯ್ಯಾ ಪರ 705 ಪಂದ್ಯ, ಕ್ಲಬ್ಬಿನ ದಾಖಲೆ. ತರಬೇತಿ ಕೇಂದ್ರದ ಮೈದಾನಕ್ಕೆ ಅವನ ಹೆಸರು. ಬೆನ್ನ ಮೇಲೆ 16ನೇ ನಂಬರು, ಅದು ಜೊತೆಗಾರ ಅಂತೋನಿಯೋ ಪುಯೆರ್ತಾನದು. ಪುಯೆರ್ತಾ 2007ರ ಆಗಸ್ಟ್‌ನಲ್ಲಿ ಮೈದಾನದಲ್ಲೇ ಕುಸಿದು, ಮೂರು ದಿನಕ್ಕೆ ಆಸ್ಪತ್ರೆಯಲ್ಲಿ ತೀರಿಕೊಂಡ. ಆಗ ಅವನಿಗೆ 22. ಇದನ್ನೆಲ್ಲ ಬರೆಯುವಾಗ ನನಗೂ ಗಂಟಲು ಕಟ್ಟುತ್ತೆ. ಆದರೂ ಇಲ್ಲೊಂದು ಪ್ರಶ್ನೆ ಕೇಳಲೇಬೇಕು. ಕೊನೆಯ ವರ್ಷಗಳಲ್ಲಿ ನವಾಸ್‌ನ ಸೊಂಟದ ಕೀಲು ಸವೆದಿತ್ತು. ಪಂದ್ಯ ಆದ ಮೇಲೆ ನಡೆಯೋದೇ ಕಷ್ಟವಾಗುತ್ತೆ ಅಂತ ಅವನೇ ಹೇಳಿಕೊಂಡ. ಹಾಗಿದ್ದೂ 39ರವರೆಗೆ ಆಡಿದ. ಇದನ್ನು ಪತ್ರಿಕೆಗಳು ತ್ಯಾಗ ಅಂತ ಕೊಂಡಾಡಿದವು. ಮನೆ ಬಿಟ್ಟಿರಲಾರೆ ಅಂದ ಹುಡುಗನಿಗೆ ಅದು ದೌರ್ಬಲ್ಯ ಅಂದವರೇ, ನೋವು ತಿಂದು ಮನೆಗಾಗಿ ದುಡಿದ ಗಂಡಸಿಗೆ ಇದು ಪ್ರೀತಿ ಅಂದರು. ಎರಡೂ ಒಂದೇ ಅಂಟು ಅಲ್ವಾ? ಒಂದರಿಂದ ಸಂಸ್ಥೆಗೆ ನಷ್ಟ, ಇನ್ನೊಂದರಿಂದ ಲಾಭ, ಹೆಸರು ಬೇರೆ ಆಗೋದು ಅಲ್ಲಿ. ನಿಷ್ಠೆ ಅನ್ನೋ ಪದ ಯಾರ ಬಾಯಿಂದ ಬರ್ತಿದೆ, ಅದರಿಂದ ಯಾರಿಗೆ ಅನುಕೂಲ ಅಂತ ನೋಡೋ ಅಭ್ಯಾಸ ಆಫೀಸಿನಲ್ಲಿ ದುಡಿಯುವ ನಮಗೆ ಇರಬೇಕು.

ಅದೇ ಸೆವಿಯ್ಯಾ ನಗರದ ಇನ್ನೊಂದು ಕ್ಲಬ್ಬು ಬೆತಿಸ್, ಅಲ್ಲಿ ಇನ್ನೊಬ್ಬ ಬಲಬದಿಯ ವಿಂಗರ್ ಇದ್ದ, ಹೊವಾಕಿನ್. ಮಾತುಗಾರ, ತಮಾಷೆಗಾರ, ಹೋದಲ್ಲೆಲ್ಲ ಸಲೀಸಾಗಿ ಬೆರೆಯುವವನು. ವಲೆನ್ಸಿಯಾ, ಮಾಲಗಾ, ಇಟಲಿಯ ಫಿಯೊರೆಂಟಿನಾ ಎಲ್ಲ ಸುತ್ತಿ ಬೆತಿಸ್‌ಗೆ ಮರಳಿ 2023ರಲ್ಲಿ ನಿವೃತ್ತನಾದ, ಲಾ ಲಿಗಾದಲ್ಲಿ 622 ಪಂದ್ಯ. ಸ್ಪೇನ್ ಪರ 51 ಪಂದ್ಯ ಆಡಿದರೂ ಒಂದೂ ಕಪ್ ಸಿಗಲಿಲ್ಲ. 2002ರಲ್ಲಿ ಕೊರಿಯಾ ವಿರುದ್ಧ ಪೆನಾಲ್ಟಿ ತಪ್ಪಿತು, 2008ಕ್ಕೆ ಸ್ಪೇನ್ ಗೆಲ್ಲಲು ಶುರು ಮಾಡುವ ಹೊತ್ತಿಗೆ ಇವನು ತಂಡದಿಂದ ಆಚೆ. ಎಲ್ಲಿಗೂ ಹೋಗಬಲ್ಲವನಿಗೆ ಸಿಗದ್ದು ಎಲ್ಲಿಗೂ ಹೋಗಲಾರದವನಿಗೆ ಸಿಕ್ಕಿತು: ಒಂದು ವಿಶ್ವಕಪ್, ಎರಡು ಯೂರೋ, ಒಂದು ನೇಷನ್ಸ್ ಲೀಗ್. ಇದರಲ್ಲಿ ನೀತಿಪಾಠ ಹುಡುಕಬೇಡಿ. ಸ್ವಭಾವಕ್ಕೂ ಸಾಧನೆಗೂ ನಾವು ಕಟ್ಟುವ ಸಂಬಂಧ ಎಷ್ಟು ಸಡಿಲ ಅಂತ ತಿಳಿಯೋಕೆ ಈ ಇಬ್ಬರು ಸಾಕು.

ದೇಶ ಸುತ್ತಿ ನೋಡು ಅಂತ ನಮ್ಮಲ್ಲಿ ಗಾದೆ ಇದೆ. ಹಿತ್ತಲ ಗಿಡ ಮದ್ದಲ್ಲ ಅನ್ನೋದೂ ಇದೆ. ಎರಡನೆಯದನ್ನು ನಾವು ಗಿಡದ ಮೇಲಿನ ತೀರ್ಪು ಅಂತ ಓದ್ತೀವಿ. ಅದು ನಿಜಕ್ಕೂ ನೋಡುವವನ ಕಣ್ಣಿನ ಮೇಲಿನ ಮಾತು. ಹಿತ್ತಲಲ್ಲಿದ್ದದ್ದಕ್ಕೇ ಅದು ಮದ್ದು ಅಂತ ಕಾಣೋದಿಲ್ಲ. ನವಾಸ್ ಹಾಗೆ. ಒಂದು ಊರು, ಒಂದು ಬದಿ, ಒಂದು ಕ್ರಾಸು. ನನ್ನ ಮಟ್ಟಿಗೆ ಅವನು ಯಮಾಲ್‌ನಷ್ಟು, ಇನಿಯೆಸ್ತಾನಷ್ಟು ದೊಡ್ಡ ಆಟಗಾರನಲ್ಲ. ಆದರೆ ಅವರಿಬ್ಬರ ಅತಿ ದೊಡ್ಡ ರಾತ್ರಿಗಳಲ್ಲಿ ಬಲಬದಿಯಲ್ಲಿ ಇದ್ದದ್ದು ಇವನೇ, ಆಕಸ್ಮಿಕವಾಗಿ ಅಲ್ಲ.

2024ರ ಡಿಸೆಂಬರ್ 14ಕ್ಕೆ ಸೆವಿಯ್ಯಾದ ಮೈದಾನದಲ್ಲಿ ಕೊನೆಯ ಸಲ ಆಡಿದ, ಮಂಡಿಯೂರಿ ಹುಲ್ಲಿಗೆ ಮುತ್ತಿಟ್ಟ. ಕ್ಯಾಮೆರಾಗಳಿಗೆ ಅದೇ ಮುಕ್ತಾಯ. ಆದರೆ ವೇಳಾಪಟ್ಟಿಯಲ್ಲಿ ಇನ್ನೊಂದು ಪಂದ್ಯ ಉಳಿದಿತ್ತು, 22ನೇ ತಾರೀಖು, ಮ್ಯಾಡ್ರಿಡ್‌ನಲ್ಲಿ, ರಿಯಲ್ ವಿರುದ್ಧ. ಬೇಡ ಅಂದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ನವಾಸ್ ಹೋದ, ಬೆಂಚಿನಿಂದ ಎದ್ದು ಬಂದು ಆಡಿದ, ಸೆವಿಯ್ಯಾ 2-4ರಲ್ಲಿ ಸೋತಿತು. ಅಷ್ಟು ಮುಗಿಸಿ ಊರಿಗೆ ಹೋದ.